ಹೂಂಗುಟ್ಟುವ ರಾಣಿ

ಕಾವಲಿಯ ಮೇಲೆ ಹುಯ್ದ ದೋಸೆಯನ್ನು ನಾನಿನ್ನೂ ಮಗುಚಿರಲಿಲ್ಲ, ಆನೆ ಬಂತು. ಮೊದಲು ಅಡುಗೆಮನೆಯ ಬೆಳಕು ಹೋಯಿತು. ಮೋಡ ಕವಿಯಿತೇನೋ ಎಂದು ಕಿಟಕಿಯ ಕಡೆ ತಿರುಗಿದರೆ, ಆಕಾಶ ಇರಬೇಕಾದ ಕಡೆ ಬೂದುಬಣ್ಣದ ಸುಕ್ಕುಗಟ್ಟಿದ ಚರ್ಮ. ಸರಳುಗಳ ನಡುವಿನಿಂದ ಸೊಂಡಿಲಿನ ತುದಿ ಒಳಗೆ ಬಂದು ಚಟ್ನಿಯನ್ನು ಮೂಸಿ ನೋಡಿತು, ಒಗ್ಗದೆ ಹಿಂದೆ ಸರಿಯಿತು. "ಹೆದರಬೇಡಿ ಅಮ್ಮಯ್ಯಾ, ಪಟ್ಟದ ಆನೆ!" ಎಂದು ಮಾವುತ ಹೊರಗಿನಿಂದ ಕೂಗಿದ. ನನಗೆ ಹೆದರಿಕೆಯೇನೂ ಆಗಲಿಲ್ಲ. ಹಳೆಯ ರಾಜನ ಹಲ್ಲು ಬಿದ್ದ ಸುದ್ದಿ ಹಿಂದಿನ ದಿನವೇ ಊರಿಗೆಲ್ಲ ಗೊತ್ತಾಗಿತ್ತು. ಪಟ್ಟದ ಆನೆ ಯಾರದಾದರೂ ಮನೆಗೆ ಹೋಗಲೇಬೇಕು. ನಮ್ಮ ಮನೆಗೆ ಬಾರದಿರಲಿ, ಬಂದರೂ ಅಂಗಳ ಸಾರಿಸಿದ ದಿನ ಬಾರದಿರಲಿ ಎಂದಷ್ಟೇ ಅಂದುಕೊಂಡಿದ್ದೆ.

ಜಗಲಿಯ ಮೇಲೆ ನನ್ನ ಮಗಳು ಚೆಲುವಿ ಆಗಷ್ಟೇ ಎದ್ದು, ಬೆಲ್ಲದ ಚೂರೊಂದನ್ನು ಚೀಪುತ್ತ ಕೂತಿದ್ದಳು. ಅವಳಿಗಿನ್ನೂ ಆರು ತುಂಬಿರಲಿಲ್ಲ. ಆನೆ ಅವಳ ಕೈ ಮೂಸಿತು, ತಲೆ ಮೂಸಿತು, ಸೊಂಡಿಲಿನಲ್ಲಿದ್ದ ಚೆಂಡುಹೂವಿನ ಹಾರವನ್ನು ಕೊರಳಿಗೆ ಇಳಿಬಿಟ್ಟಿತು. ಯಾವ ಕಾಲದಲ್ಲಿ ಯಾರ ಅಳತೆಗೆ ಕಟ್ಟುತ್ತಿದ್ದ ಹಾರವೋ, ಅದು ಅವಳ ಪಾದವನ್ನೂ ದಾಟಿ ನೆಲದ ಮೇಲೆ ಸುರುಳಿ ಸುತ್ತಿಕೊಂಡಿತು. ಚೆಲುವಿ ಹಾರವನ್ನು ನೋಡಲಿಲ್ಲ, ಆನೆಯನ್ನೇ ನೋಡುತ್ತಿದ್ದಳು.

"ಅಮ್ಮಾ, ಪಾಪ, ಅದಕ್ಕೆ ಹಸಿವಾಗಿದೆ. ದೋಸೆ ಕೊಡು."

"ದೋಸೆ ಸೀದುಹೋಯ್ತು ಕಂದಾ."

"ಸೀದಿದ್ದನ್ನೇ ಕೊಡು. ಅದು ನನ್ನ ಥರ ಹಟ ಮಾಡಲ್ಲ."

ಕೊಟ್ಟೆ. ಆನೆ ತಿಂದಿತು. ಹೊಸ ರಾಣಿಯ ಮೊದಲ ಅಪ್ಪಣೆ ಹಾಗೆ ನೆರವೇರಿತು. ಅವಳದೇ ಮನಸ್ಸಿನಿಂದ ಹೊರಟ ಅಪ್ಪಣೆ ಬಹಳ ಕಾಲದವರೆಗೆ ಅದೊಂದೇ.

ನಮ್ಮೂರನ್ನು ಆಳುವುದು ಮಕ್ಕಳು. ಮೊದಲ ಹಾಲುಹಲ್ಲು ಬೀಳುವವರೆಗೆ ಆಳುತ್ತಾರೆ. ಬಿದ್ದ ಹಲ್ಲನ್ನು ಚಾವಡಿಯ ಸೂರಿನ ಮೇಲೆ ಎಸೆದು ಮನೆಗೆ ಹೋಗುತ್ತಾರೆ. ಅರಮನೆ ಒಂದಿದೆ, ಆದರೆ ಅದರಲ್ಲಿ ಗೊಬ್ಬರದ ಮೂಟೆ ಪೇರಿಸಿರುವುದರಿಂದ ರಾಜರೂ ರಾಣಿಯರೂ ಅವರವರ ಮನೆಯಲ್ಲೇ ಇದ್ದುಕೊಂಡು ಮಧ್ಯಾಹ್ನ ಚಾವಡಿಗೆ ಹೋಗಿ ಬರುತ್ತಾರೆ. ಆಳುವುದೆಂದರೆ ಕತೆ ಕೇಳುವುದು. ಮಂತ್ರಿಗಳು ಕತೆ ಹೇಳುತ್ತಾರೆ, ಸಿಂಹಾಸನದ ಮೇಲಿನ ಮಗು ಹೂಂ ಅನ್ನುತ್ತದೆ, ಹೂಂ ಅಂದದ್ದು ಕಾನೂನಾಗುತ್ತದೆ. ಒಂದೊಂದು ಹೂಂಗೂ ಚಾವಡಿಯ ಗಂಟೆ ಬಾರಿಸುತ್ತಾರೆ. ಹಿಂದಿನ ರಾಜನ ಕಾಲದಲ್ಲಿ, ಶಾಲೆಯ ಪಕ್ಕದ ಹಲಸಿನ ಮರದಲ್ಲಿ ಬ್ರಹ್ಮರಾಕ್ಷಸ ಕೂತಿದ್ದನಂತೆ ಎಂದು ಕತೆ ಬಂತು, ಮಗು ಹೂಂ ಅಂದಿತು, ಮರ ಕಡಿದರು. ಬ್ರಹ್ಮರಾಕ್ಷಸ ಎಲ್ಲಿಗೆ ಹೋದನೋ ತಿಳಿಯದು, ಮರ ಮಾತ್ರ ಕಥಾಮಂತ್ರಿಗಳ ಮನೆಯ ಮುಂಬಾಗಿಲಾಗಿ ಕಾಣಿಸಿಕೊಂಡಿತು. ವಿರೋಧ ಪಕ್ಷವೂ ಉಂಟು. ಅವರಿಗೆ ಚಾವಡಿಯ ಹಿಂದಿನ ಸಾಲಿನಲ್ಲಿ ಕೂತು ಕೆಮ್ಮುವ ಹಕ್ಕಿದೆ. ಅವರ ಸರದಿ ಬಂದಾಗ ಅವರೂ ಇವೇ ಕತೆಗಳನ್ನು ಹೇಳುತ್ತಾರೆ, ರಕ್ಕಸರ ಬಣ್ಣ ಮಾತ್ರ ಬೇರೆ. ಬೇರೆ ಊರಿನವರು ಬೆಳಿಗ್ಗೆ ಎದುರುಬದುರಾದಾಗ ತಿಂಡಿ ಆಯ್ತಾ ಎಂದು ಕೇಳುತ್ತಾರಂತೆ. ನಮ್ಮಲ್ಲಿ "ಕತೆ ಎಲ್ಲಿಗೆ ಬಂತು?" ಎಂದು ಕೇಳುತ್ತಾರೆ. ಕತೆಯಲ್ಲಿ ಕಾಡು ಬಂದರೆ ಅಂಗಡಿಯವರು ಕೊಡಲಿ ತರಿಸುತ್ತಾರೆ, ಕಳ್ಳರು ಬಂದರೆ ಬೀಗ ತರಿಸುತ್ತಾರೆ.

ಕಥಾಮಂತ್ರಿ ವೃಷಭೇಂದ್ರಯ್ಯನವರು ಛತ್ರಿ ಹಿಡಿಸಿಕೊಂಡು ನಮ್ಮ ಮನೆಗೆ ಬಂದಾಗ ಅಡುಗೆಮನೆಯ ಹೊಗೆ ಇನ್ನೂ ಆರಿರಲಿಲ್ಲ. ದುಂಡು ಮೈ, ಜೇನಿನಂಥ ದನಿ. ಚೆಲುವಿಯ ಮುಂದೆ ನಡು ಬಗ್ಗಿಸಿ ಕೈ ಮುಗಿದರು.

"ಜಯವಾಗಲಿ ಮಹಾಪ್ರಭು. ನಾನು ತಮ್ಮ ಸೇವಕ. ಕತೆ ಹೇಳೋನು."

"ಹೌದಾ ತಾತ? ಹಾಗಾದ್ರೆ ಈಗಲೇ ಒಂದು ಹೇಳಿ."

"ಈಗ ಬೇಡ ಮಹಾಪ್ರಭು. ತಮ್ಮ ಊಟ ಆಗಲಿ." ನನ್ನ ಕಡೆ ತಿರುಗಿ, "ರಾಜಮಾತೆ, ಒಂದು ಲೋಟ ಕಾಫಿ ಸಿಗುತ್ತಾ? ಸಕ್ಕರೆ ಸ್ವಲ್ಪ ಮುಂದಾಗಿರಲಿ," ಎಂದರು.

ಕಾಫಿ ಕುಡಿಯುತ್ತ ನನಗೆ ಕಟ್ಟುಪಾಡು ಹೇಳಿದರು. ರಾಣಿಗೆ ತಾಯಿಯ ಕೈಯಡುಗೆಯೇ ಆಗಬೇಕು. ಮಧ್ಯಾಹ್ನ ಚಾವಡಿಯಲ್ಲೇ ಉಣ್ಣಿಸಲು ಗಟ್ಟಿ ಮೊಸರಿನ ಅನ್ನ, ಜೊತೆಗೆ ಬಾಳೆಹಣ್ಣು. ಚಾವಡಿಯಲ್ಲಿ ತಾಯಿ ಸಿಂಹಾಸನದ ಹಿಂದೆ ನಿಂತು ಬೀಸಣಿಗೆ ಬೀಸಬಹುದು, ತುಟಿ ತೆರೆಯಬಾರದು. ಇನ್ನುಮುಂದೆ ಮನೆಯಲ್ಲಿ ಮಗುವಿಗೆ ಯಾರೂ ಕತೆ ಹೇಳಬಾರದು. ಚಾವಡಿಯ ಕತೆಯಲ್ಲಿ ಏನೇನು ಬಂದಿದೆಯೋ ಅದರ ಹೆಸರನ್ನೂ ಮನೆಯಲ್ಲಿ ಎತ್ತಬಾರದು.

"ಎತ್ತಿದರೆ?" ಎಂದು ಕೇಳಿದೆ.

"ಎತ್ತಿದರೆ ಏನಿಲ್ಲ ತಾಯಿ. ಮಹಾಪ್ರಭುಗಳನ್ನ ನಾವೇ ಚಾವಡಿಯಲ್ಲಿಟ್ಟುಕೊಂಡು ಸಾಕ್ತೀವಿ," ಎಂದು ನಕ್ಕು ಲೋಟ ಕೆಳಗಿಟ್ಟರು.

ಅಂದಿನಿಂದ ನಮ್ಮ ಕಿಟಕಿಯ ಹೊರಗೆ ಒಬ್ಬ ಕಾವಲುಗಾರ ಕೂರತೊಡಗಿದ. ಊರಿನವರು ಇಂಥವರನ್ನು ಕಿವಿಯವರು ಎನ್ನುತ್ತಾರೆ. ಒಳ್ಳೆಯ ಮನುಷ್ಯನೇ. ಬಿಸಿಲೇರಿದರೆ ನಾನೇ ಮಜ್ಜಿಗೆ ಕೊಡುತ್ತಿದ್ದೆ. ದೀಪ ಹಚ್ಚಿದ ಮೇಲೆ ಚೆಲುವಿ ಅಭ್ಯಾಸಬಲದಿಂದ ನನ್ನ ತೊಡೆಯ ಮೇಲೆ ತಲೆ ಇಟ್ಟು "ಒಂದೂರಲ್ಲಿ?" ಎನ್ನುತ್ತಿದ್ದಳು. ನಾನು ಅವಳ ಜಡೆ ಬಿಚ್ಚಿ, ಸಿಕ್ಕು ಬಿಡಿಸಿ, ಮತ್ತೆ ಹೆಣೆಯುತ್ತಿದ್ದೆ. ಸ್ವಲ್ಪ ದಿನಕ್ಕೆ ಅವಳು ಕೇಳುವುದನ್ನು ಬಿಟ್ಟಳು.

ಪಟ್ಟಾಭಿಷೇಕಕ್ಕೆ ಆಚೆ ದಡದಿಂದ ನನ್ನ ತಂಗಿ ಪುಟ್ಟತಾಯಿ ಬಂದಿದ್ದಳು. ನಮ್ಮೂರಿನ ಹೊಳೆಗೆ ಒಂದು ಕಲ್ಲಿನ ಸೇತುವೆ. ಸೇತುವೆಯ ಆಚೆಗೆ ಅವಳನ್ನು ಕೊಟ್ಟ ಮನೆ. ನಮ್ಮ ಅಮ್ಮ ತೀರಿಹೋಗಿ ಬಹಳ ಕಾಲವಾಯಿತು. ಹಾಗಾಗಿ ನಾನೇ ಅವಳಿಗೆ ತವರು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಬಸುರಾಗಿದ್ದಳು. ಹೆರಿಗೆಗೆ ನನ್ನ ಬಳಿಗೇ ಬರುವುದೆಂದು ಮಾತಾಗಿತ್ತು. ನಾನು ಹಳೆಯ ನೂಲಿನ ಸೀರೆಗಳನ್ನು ಒಗೆದು, ಹರಿದು, ಮಡಚಿ ಇಟ್ಟಿದ್ದೆ. ಮೆಣಸು, ಒಣಶುಂಠಿ, ಹಿಪ್ಪಲಿ ಬಿಸಿಲಿಗೆ ಹಾಕಿದ್ದೆ.

ಚಾವಡಿಯಲ್ಲಿ ಹೆಂಗಸರ ಸಾಲಿನ ಮುಂದೆ ಅವಳು ಕಾಲು ಚಾಚಿ ಕೂತಿದ್ದಳು. ವೃಷಭೇಂದ್ರಯ್ಯನವರು ಮೊದಲ ದಿನದ ಕತೆ ಎತ್ತಿಕೊಂಡು, "ಏಳು ತಲೆಯ ರಕ್ಕಸ ಒಂದೇ ಬಾಯಲ್ಲಿ ಏಳು ಊರನ್ನು ನುಂಗಿದನಂತೆ," ಎಂದರು. ಚೆಲುವಿ ಹೂಂ ಅಂದಳು, ಗಂಟೆ ಬಾರಿಸಿತು. ಪುಟ್ಟತಾಯಿ ಪಿಸುಗುಟ್ಟಿದಳು. ಅವಳ ಪಿಸುಮಾತು ಚಿಕ್ಕಂದಿನಿಂದಲೂ ಊರಿಗೇ ಕೇಳುವಂಥದ್ದು.

"ಏಳು ತಲೆ ಇಟ್ಕೊಂಡು ಒಂದೇ ಬಾಯಲ್ಲಿ ಯಾಕೆ ನುಂಗಿದ ಅಕ್ಕಯ್ಯ? ಮಿಕ್ಕಿದ ಬಾಯಿಗೆಲ್ಲ ಹುಣ್ಣಾಗಿತ್ತಾ?"

ಹೆಂಗಸರ ಸಾಲು ಸೆರಗಿನೊಳಗೆ ನಕ್ಕಿತು. ವಿರೋಧ ಪಕ್ಷದವರು ಕೆಮ್ಮಲು ಮರೆತು ನಕ್ಕುಬಿಟ್ಟರು. ವೃಷಭೇಂದ್ರಯ್ಯನವರೂ ನಕ್ಕರು. ನಗುತ್ತ ನನ್ನ ತಂಗಿಯನ್ನು ನೋಡಿದರು. ಅವಳ ಮುಖವನ್ನಲ್ಲ, ಹೊಟ್ಟೆಯನ್ನು.

ಆಮೇಲೆ ಕತೆ ಹೊಳೆಯ ಕಡೆಗೆ ತಿರುಗಿತು. ಯಾಕೆ ತಿರುಗಿತು ಎನ್ನುವುದಕ್ಕೆ ಊರಿನಲ್ಲಿ ಅವರವರ ಲೆಕ್ಕಾಚಾರ ಅವರವರಿಗಿತ್ತು. ಹೊಳೆಯಲ್ಲಿ ಓಡಾಡುವ ದೋಣಿಗಳೆಲ್ಲ ಮಂತ್ರಿಗಳ ಭಾವಮೈದುನನವು, ಸೇತುವೆ ಇರುವವರೆಗೆ ಅವಕ್ಕೆ ಹತ್ತುವವರಿಲ್ಲ ಎಂದು ಕೆಲವರು. ನನಗೆ ಅದರ ಜೊತೆಗೆ ಅವತ್ತಿನ ನಗುವೂ ನೆನಪಾಗುತ್ತಿತ್ತು. ಅಂತೂ ಒಂದು ಮಧ್ಯಾಹ್ನ ಕತೆಯಲ್ಲಿ ಆಚೆ ದಡದಲ್ಲಿ ರಕ್ಕಸರು ಇದ್ದರಂತೆ. ಮಾರನೆಯ ದಿನ ಅವರಲ್ಲೊಬ್ಬಳು ರಕ್ಕಸಿ. ಅದರ ಮಾರನೆಯ ದಿನ ಆ ರಕ್ಕಸಿಗೆ ದೊಡ್ಡ ಹೊಟ್ಟೆ. ಹೊಟ್ಟೆಯೊಳಗೆ ಅವಳು ನುಂಗಿದ ಮಕ್ಕಳು. ಚೆಲುವಿ ಪ್ರತಿಯೊಂದಕ್ಕೂ ಹೂಂ ಅಂದಳು. ಅನ್ನುವಾಗ ಅವಳ ಕಣ್ಣು ಅರ್ಧ ಮುಚ್ಚಿರುತ್ತಿತ್ತು, ತಲೆ ಸಿಂಹಾಸನದ ಒಂದು ಬದಿಗೆ ವಾಲಿರುತ್ತಿತ್ತು. ಗಟ್ಟಿ ಮೊಸರಿನ ಅನ್ನ ಉಂಡ ಮಗು ಮಧ್ಯಾಹ್ನದ ಸೆಕೆಯಲ್ಲಿ ಇನ್ನೇನು ಮಾಡೀತು? ಆ ನಿದ್ದೆಗಣ್ಣಿನ ಒಂದೊಂದು ಹೂಂಗೂ ಗಂಟೆ ಬಾರಿಸುತ್ತಿತ್ತು.

ಊರು ಹೊಂದಿಕೊಂಡಿತು. ಕತೆಯಲ್ಲಿ ಬಂದದ್ದರ ಹೆಸರನ್ನು ನಮ್ಮ ಮನೆಯಲ್ಲಿ ಮಾತ್ರ ಎತ್ತುವಂತಿರಲಿಲ್ಲ. ಆದರೆ ಜನ ತಮ್ಮ ಎಚ್ಚರಿಕೆಯಲ್ಲಿ ತಾವಿರೋಣವೆಂದು ತಮ್ಮ ಮನೆಯಲ್ಲೂ ಬಿಟ್ಟುಬಿಟ್ಟರು. ಬಟ್ಟೆ ಒಗೆಯಲು "ಅದಕ್ಕೆ" ಹೋಗುತ್ತಿದ್ದರು. ನೋವೆಂದು ಬಂದವರು ಪಂಡಿತರಿಗೆ ಬೆರಳಿನಿಂದ ಮೈಯ ನಡುಭಾಗ ತೋರಿಸುತ್ತಿದ್ದರು. ನನಗೆ ಮಾತ್ರ ಒಂದು ವಿಷಯಕ್ಕೆ ಕಷ್ಟವಾಗುತ್ತಿತ್ತು. ಮಗಳು ಉಂಡು ಎದ್ದಾಗ ಹೊಟ್ಟೆ ತುಂಬಿತಾ ಎಂದು ಕೇಳುವಂತಿರಲಿಲ್ಲ. ಸುಮ್ಮನೆ ಕೈ ಇಟ್ಟು ನೋಡುತ್ತಿದ್ದೆ.

ಚೆಲುವಿಗೆ ಏನೋ ಕೇಳುವುದಿತ್ತು. ಅದು ನನಗೆ ಗೊತ್ತಾಗುತ್ತಿತ್ತು. ಮಕ್ಕಳ ಬಾಯಲ್ಲಿ ಮಾತು ಹಣ್ಣಾಗುವಾಗ ತುಟಿ ಒಂದು ಥರ ಮುಂದೆ ಬರುತ್ತದೆ. ರಾತ್ರಿ ಮನೆಯಲ್ಲಿ ಊಟ ಮಾಡಿಸುತ್ತಿದ್ದಾಗ "ಅಮ್ಮಾ, ಆ ರಕ್ಕಸಿ..." ಎಂದು ಶುರುಮಾಡಿದಳು. ನಾನು ತುತ್ತು ಇಟ್ಟುಬಿಟ್ಟೆ. ಕಿಟಕಿಯಾಚೆ ಕಿವಿಯವನು ಬೀಡಿ ಆರಿಸಿದ್ದು ಕೇಳಿಸಿತು. ಅವಳು ತುತ್ತು ನುಂಗಿ ಮತ್ತೆ "ಅಮ್ಮಾ, ಅವಳು..." ಎಂದಳು. ಇನ್ನೊಂದು ತುತ್ತು ಇಟ್ಟೆ. ಎಷ್ಟೋ ಊಟ ಹೀಗೆ ಆಯಿತು. ಮಗಳು ಮೈ ಕೈ ತುಂಬಿಕೊಂಡಿದ್ದಾಳೆಂದು ಓಣಿಯವರು ಮೆಚ್ಚಿ ಮಾತಾಡಿದರು.

ಇವಳಪ್ಪ ಮಾದಯ್ಯ ಕಲಾಯಿ ಕೆಲಸದವರು. ದಿನವೆಲ್ಲ ಊರ ಪಾತ್ರೆಗೆ ತವರ ಬಳಿದು ಬಂದು, ಕೈ ತೊಳೆಯುತ್ತ ಮೆಲ್ಲಗೆ ಹೇಳಿದರು:

"ಲೇ, ಇವಳ ಮುಂದಿನ ಹಲ್ಲು ಒಂಚೂರು ಅಲ್ಲಾಡ್ತಾ ಇದೆ ಕಣೆ. ದಾರ ಕಟ್ಟಿ ಎಳೆದುಬಿಡ್ಲಾ? ಕತೇನೂ ಮುಗೀತು, ಕಾಟಾನೂ ಮುಗೀತು."

"ಎಳೀರಿ. ನಾಳೆ ಆನೆ ಇನ್ನೊಬ್ಬರ ಮನೆಗೆ ಹೋಗುತ್ತೆ. ಆ ಮಗುನೂ ಮೊಸರನ್ನ ಉಣ್ಣುತ್ತೆ. ಕತೆ ನಿಂತಲ್ಲಿಂದಲೇ ಶುರುವಾಗುತ್ತೆ."

ಅವರು ಸ್ವಲ್ಪ ಹೊತ್ತು ಕೈ ಒರೆಸಿಕೊಂಡರು. "ಹೋಗ್ಲಿ, ನಿನ್ನ ತಂಗಿಗೆ ಅಲ್ಲೇ ಹೆರೋಕೆ ಹೇಳು."

"ಅಲ್ಲಿ ಅವಳಿಗೆ ಯಾರಿದ್ದಾರೆ? ಅತ್ತೆಗೆ ಕಣ್ಣು ಕಾಣಲ್ಲ. ಸೂಲಗಿತ್ತಿ ಇರೋದು ಈಚೆ ಕಡೆ. ಮೊದಲನೇ ಹೆರಿಗೆ ರೀ, ಅದೂ ಈ ವಯಸ್ಸಿನಲ್ಲಿ."

"ಹಾಗಾದ್ರೆ ದೋಣಿಯಲ್ಲಿ ಬರಲಿ."

"ರಕ್ಕಸರನ್ನ ದೋಣಿಗೆ ಹತ್ತಿಸ್ಕೋತಾರಾ?"

ಮಾದಯ್ಯ ಎದ್ದು ಹೊರಗೆ ಹೋದರು. ಕಿವಿಯವನಿಗೆ ಮಜ್ಜಿಗೆ ಕೊಟ್ಟು ಬಂದರು. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಆದರೆ ಮಗು ಆಗಲೇ ನಿದ್ದೆ ಹೋಗಿತ್ತಾಗಿ ಅದು ಲೆಕ್ಕಕ್ಕೆ ಬರುವುದಿಲ್ಲವೆಂದು ಅವನೇ ಅಂದನಂತೆ. ನನ್ನ ಕೈಯ ಮಜ್ಜಿಗೆ ಅಷ್ಟು ಕೆಲಸ ಮಾಡಿತ್ತು.

ಎರಡು ಮನೆ ಆಚೆಗೆ ಮಂಚಮ್ಮನ ಮಂಡಕ್ಕಿ ಭಟ್ಟಿ. ಮಂಚಮ್ಮ ಚಿಕ್ಕವಳಿದ್ದಾಗ ರಾಣಿಯಾಗಿದ್ದವಳು. ಈಗ ತಲೆ ನರೆತಿದೆ. ಹಲ್ಲು ಬಿದ್ದರೂ ಅವಳಿಗೆ ಹೂಂ ಬಿದ್ದಿರಲಿಲ್ಲ. ಮೊದಲು ಕೇಳಿ ಬಂದ ಗಂಡಿಗೆ ಹೂಂ ಅಂದಳು, ಇನ್ನೊಬ್ಬಳನ್ನು ಕಟ್ಟಿಕೊಳ್ಳಲಾ ಎಂದು ಆ ಗಂಡ ಕೇಳಿದಾಗಲೂ ಹೂಂ ಅಂದಳು. ನನ್ನ ಮಗಳ ಪಟ್ಟಾಭಿಷೇಕದ ದಿನ ಅವಳು ಮಾತ್ರ ಚಾವಡಿಗೆ ಬಂದಿರಲಿಲ್ಲ. ಒಂದು ಸೇರು ಮಂಡಕ್ಕಿಗೆಂದು ಹೋದಾಗ ಬಿಸಿ ಮರಳಿನಲ್ಲಿ ಅಕ್ಕಿ ಆಡಿಸುತ್ತ, ಬೆವರು ಒರೆಸಿಕೊಳ್ಳುತ್ತ ತಾನಾಗಿಯೇ ಕೇಳಿದಳು.

"ಕತೆ ಎಲ್ಲಿಗ್ ಬಂತವ್ವ? ಹೂಂ."

"ನಾಳೆಗೆ ಮುಗಿಯುತ್ತಂತೆ ಮಂಚಕ್ಕ. ಕೆಲಸದವರು ಹಾರೆ ಗುದ್ದಲಿ ತಗೊಂಡು ಆಗಲೇ ಸೇತುವೆ ಹತ್ತಿರ ಬಿಡಾರ ಹಾಕಿದ್ದಾರೆ. ಗಂಟೆ ಬಾರಿಸಿದ ತಕ್ಷಣ ಸೇತುವೆ ಕೀಳೋಕೆ ಶುರು."

"ಮಗ ಏನೂ ಕೇಳಲ್ವಾ?"

"ಕೇಳೋಕೆ ಹೋಗ್ತಾಳೆ. ನಾನೇ ಬಾಯಿ ಮುಚ್ಚಿಸ್ತೀನಿ. ಚಾವಡೀಲಿ ಕೇಳೋಣ ಅಂದ್ರೆ ಅಷ್ಟು ಹೊತ್ತಿಗೆ ನಿದ್ದೆ ಬಂದಿರುತ್ತೆ."

ಮಂಚಮ್ಮ ಜರಡಿ ಕೆಳಗಿಟ್ಟಳು. "ನಂಗೂ ಒಂದು ಕೇಳಾದಿತ್ತು ಕಣವ್ವ. ನಾಲಿಗೆ ತುದೀಲೇ ಇತ್ತು. ಕೆರೇಲಿ ಸರ್ಪ ಐತೆ, ಊರನ್ನೇ ನುಂಗುತ್ತೆ, ಕೆರೆ ಮುಚ್ಚಬೇಕು ಅಂತ ಕತೆ ಬಂತು. ಇಷ್ಟು ದಿನ ಅದು ಏನು ತಿಂತಿತ್ತು ಅಂತ ಕೇಳಾನ ಅಂದ್ಕಂಡೆ. ಅಷ್ಟರಾಗೆ ಮೊಸರನ್ನ ಕಣ್ಣು ಎಳೀತು. ಹೂಂ ಅಂದೆ ಅಂತೆ. ಎದ್ದು ನೋಡ್ತೀನಿ, ಕೆರೆ ಇಲ್ಲ."

"ಈಗ ಕೇಳಬಹುದಲ್ಲ?"

"ಯಾರ್ನ ಕೇಳಲವ್ವ? ಆಗಿನ ಮಂತ್ರಿ ಸತ್ತ. ಕೆರೆ ಇದ್ದ ಜಾಗದಾಗೆ ಅವನ ಮಕ್ಕಳು ಭತ್ತ ಬೆಳೀತಾವ್ರೆ. ಆ ಭತ್ತದ ಅಕ್ಕೀನೇ ನಾನು ಹುರೀತಾ ಇವ್ನಿ. ಹೂಂ." ಒಂದು ಹಿಡಿ ಬಿಸಿ ಮಂಡಕ್ಕಿ ನನ್ನ ಸೆರಗಿಗೆ ಹೆಚ್ಚಿಗೆ ಸುರಿದಳು. "ನಿದ್ದೆ ಬರದಂಗೆ ಏನಾದ್ರೂ ತಿನ್ನಾಕೆ ಕೊಡವ್ವ. ಅವರು ಏನು ತಿನ್ನಬಾರದು ಅಂತ ಯಾವತ್ತೂ ಹೇಳಿಲ್ಲ. ತಾಯಿ ಕೈದೇ ಆಗಬೇಕು ಅಂತ ತಾನೆ ಅಂದಿರಾದು?"

ಮರುದಿನ ಬೆಳಿಗ್ಗೆ ಹಾಲಿನವಳು ಚೊಂಬಿಗೆ ಹಾಲು ಹುಯ್ಯುತ್ತ, ನನ್ನ ಮುಖ ನೋಡದೆ ಸುದ್ದಿ ಹೇಳಿದಳು. ಆಚೆ ದಡದಲ್ಲಿ ಪುಟ್ಟತಾಯಿ ಗಾಡಿ ಕಟ್ಟಿಸಿದ್ದಾಳೆ. ನಿನ್ನೆಯಿಂದ ಸಣ್ಣಗೆ ನೋವು. ಹಾಸಿಗೆ, ಹಂಡೆ ಎಲ್ಲ ಹೇರಿಕೊಂಡು ಊಟದ ಹೊತ್ತಿಗೆ ಸೇತುವೆಯ ಬುಡಕ್ಕೆ ಬರುತ್ತಾಳೆ. "ಬರಬ್ಯಾಡ ಅಂದೆ ಕಣಕ್ಕ. ನಮ್ಮಕ್ಕನ ಮಗಳೇ ರಾಣಿ, ನನ್ನ ಯಾರು ತಡೀತಾರೆ ಅಂತು."

ಅವತ್ತು ನಾನು ಮೊಸರಿಗೆ ಕೈ ಹಚ್ಚಲಿಲ್ಲ. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ ಹಿಂಡಿದೆ. ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಹಾಕಿ ಒಗ್ಗರಣೆ ಮಾಡಿದೆ. ನಿಂಬೆಹುಳಿ ಹಿಂಡಿದೆ. ಮೆಣಸಿನಕಾಯಿ ಹೆಚ್ಚುವಾಗ ಕೈ ತಡೆಯಿತು. ಆರು ತುಂಬದ ಮಗು. ಎರಡು ಹಾಕಿದೆ, ಒಂದನ್ನು ತೆಗೆದೆ, ಮತ್ತೆ ಹಾಕಿದೆ. ಡಬ್ಬಿ ತೆಗೆದುಕೊಂಡು ಚೆಲುವಿಯ ಜೊತೆ ಚಾವಡಿಗೆ ಹೋದರೆ ಬಾಗಿಲಲ್ಲಿ ವೃಷಭೇಂದ್ರಯ್ಯನವರೇ ನಿಂತಿದ್ದರು. ಹೊಸ ಶಲ್ಯ ಹೊದ್ದಿದ್ದರು. ಕತೆ ಮುಗಿಯುವ ದಿನವಲ್ಲವೇ?

"ಏನು ರಾಜಮಾತೆ, ಇವತ್ತು ಡಬ್ಬಿ ಹಗುರ ಇದೆ?"

"ಮೊಸರು ಒಡೆದುಹೋಯ್ತು ಬುದ್ಧಿ. ಸೆಕೆ."

"ಅಯ್ಯೋ! ನಮ್ಮ ಮನೆಯಿಂದ ತರಿಸೋಣವಾ?"

"ತಾಯಿ ಕೈದೇ ಆಗಬೇಕು ಅಂತ ತಾವೇ ಅಂದಿದ್ರಿ."

ಅವರು ಡಬ್ಬಿಯ ಕಡೆ ನೋಡಿದರು. ಒಳಗೆ ಜನ ತುಂಬಿ ಕೂತಿದ್ದರು, ಗಂಟೆಯವನು ಹಗ್ಗ ಹಿಡಿದು ಸಿದ್ಧನಾಗಿದ್ದ. ಕಟ್ಟುಪಾಡು ಅವರದೇ. "ಆಗಲಿ ಆಗಲಿ," ಎಂದು ದಾರಿ ಬಿಟ್ಟರು.

ಚೆಲುವಿ ಮೊದಲ ತುತ್ತಿಗೇ ಹಾ ಎಂದಳು. ಮೂಗು ಸೋರಿತು, ಕಿವಿ ಕೆಂಪಾಯಿತು. "ಖಾರ ಅಮ್ಮಾ!" ನೀರು ಕುಡಿಸಿದೆ. "ಬೇಡವಾ ಕಂದಾ?" ಎಂದು ಕೇಳಿದೆ. ಮೂಗು ಒರೆಸಿಕೊಂಡು ಯೋಚನೆ ಮಾಡಿ, "ಬೇಕು," ಎಂದು ಪೂರ್ತಿ ತಿಂದಳು. ತಿನ್ನಿಸುವಾಗ ಅವಳ ತುಟಿ ಒಮ್ಮೆ ಮುಂದೆ ಬಂತು. ತುತ್ತು ನನ್ನ ಕೈಯಲ್ಲೇ ಇತ್ತು. ಈಗ ಬೇಡ ಎಂದು ಕಣ್ಣಿನಲ್ಲೇ ಹೇಳಿದೆ. ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ. ಸೆರಗಿನಿಂದ ಅವಳ ಬಾಯಿ ಒರೆಸಿ, ಎತ್ತಿ ಸಿಂಹಾಸನದ ಮೇಲೆ ಕೂರಿಸಿದೆ. ಕಾಲು ನೆಲಕ್ಕೆ ಎಟುಕದೆ ತೂಗಾಡುತ್ತಿದ್ದವು. ನಾನು ಹಿಂದೆ ಹೋಗಿ ಬೀಸಣಿಗೆ ತೆಗೆದುಕೊಂಡೆ.

ವೃಷಭೇಂದ್ರಯ್ಯನವರು ಕತೆಯನ್ನು ಚೆನ್ನಾಗಿಯೇ ಹೇಳಿದರು. ಅವರ ಮೇಲೆ ನನಗೆ ಏನೇ ಇದ್ದರೂ ಅದನ್ನು ಒಪ್ಪಬೇಕು. ಹೊಳೆಯ ಮಂಜು, ಕಲ್ಲಿನ ಕಮಾನು, ಊರಿನ ಮಕ್ಕಳೆಲ್ಲ ಆಟ ಮುಗಿಸಿ ಮನೆಗೆ ಹೋಗುವ ಹೊತ್ತು. ದನಿ ತಗ್ಗಿಸಿದಾಗ ಹೆಂಗಸರು ತಮ್ಮ ಮಕ್ಕಳನ್ನು ಹತ್ತಿರ ಎಳೆದುಕೊಂಡರು. ನನಗೂ ಒಂದು ಕ್ಷಣ ಮೈ ಜುಮ್ಮೆಂದಿತು. ಆಮೇಲೆ ಆ ರಕ್ಕಸಿ ನನ್ನ ತಂಗಿ ಎಂದು ನೆನಪಿಗೆ ಬಂತು.

"ರಕ್ಕಸಿ ಆ ದಿನ ಗಾಡಿ ಕಟ್ಟಿಸಿದಳಂತೆ," ಎಂದರು ಮಂತ್ರಿಗಳು.

ಹಾಲಿನವಳ ಮಾತು ನಮ್ಮ ಮನೆಯಿಂದ ಚಾವಡಿಗೆ ನನಗಿಂತ ಬೇಗ ಬಂದಿತ್ತು. ಚೆಲುವಿ ಹೂಂ ಅಂದಳು. ಗಂಟೆ ಬಾರಿಸಿತು. ನನ್ನ ಬೀಸಣಿಗೆ ಅದರ ಪಾಡಿಗೆ ಅದು ಬೀಸುತ್ತಿತ್ತು.

"ದೊಡ್ಡ ಹೊಟ್ಟೆ ಹೊತ್ತುಕೊಂಡು, ಏದುಸಿರು ಬಿಡುತ್ತ, ಗಾಡಿಯಲ್ಲಿ ಕೂತು ಸೇತುವೆಯ ಬುಡಕ್ಕೆ ಬಂದಳಂತೆ."

"ಹೂಂ." ಗಂಟೆ.

"ಗಾಡಿಯಲ್ಲಿ ಹಂಡೆ ಇತ್ತಂತೆ. ಮಕ್ಕಳನ್ನು ಬೇಯಿಸೋಕೆ."

ಹೂಂ ಬರಲಿಲ್ಲ. ಮಂತ್ರಿಗಳು ಕಾದರು. ನಾನು ಹಿಂದಿನಿಂದ ಬಗ್ಗಿ ನೋಡಿದೆ. ನಿದ್ದೆ ಮಾಡಿರಲಿಲ್ಲ. ಕಣ್ಣು ಅಗಲವಾಗಿ ತೆರೆದು, ಕಾಲು ತೂಗಾಡಿಸುವುದನ್ನು ನಿಲ್ಲಿಸಿ, ಖಾರಕ್ಕೆ ಕೆಂಪಾದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುತ್ತಿದ್ದಳು.

"ಮಹಾಪ್ರಭು, ಹಂಡೆ ಇತ್ತಂತೆ," ಎಂದರು ಮಂತ್ರಿಗಳು.

ಹೂಂ ಬರುವ ಬದಲು ಅವಳ ತುಟಿ ಮುಂದೆ ಬಂತು. ಹಂಡೆಯನ್ನು ಬಿಟ್ಟು ಮಂತ್ರಿಗಳು ಮುಂದಕ್ಕೆ ಹೋದರು. ಕೊನೆಯ ಹೂಂ ಒಂದು ಸಿಕ್ಕರೆ ಸಾಕು ಎಂದು ಅವರಿಗೆ ಗೊತ್ತಿತ್ತು. ದನಿ ಏರಿಸಿದರು. "ಅದನ್ನು ಕಂಡ ಮಹಾರಾಣಿ, ನನ್ನ ಊರಿನ ಮಕ್ಕಳು ಉಳಿಯಬೇಕಾದರೆ ಈ ಸೇತುವೆ ಉಳಿಯಬಾರದು, ಕಿತ್ತುಹಾಕಿ, ಅಂದಳಂತೆ."

ಗಂಟೆಯವನು ಹಗ್ಗವನ್ನು ಅರ್ಧ ಎಳೆದು ನಿಂತ. ಹಿಂದಿನ ಸಾಲಿನಲ್ಲಿ ಯಾರೂ ಕೆಮ್ಮಲಿಲ್ಲ. ಹೊರಗೆ ಹೊಳೆಯ ಕಡೆಯಿಂದ ಎತ್ತಿನ ಕೊರಳ ಗೆಜ್ಜೆ ಕೇಳಿಸಿದಂತಾಯಿತು, ನನ್ನ ಭ್ರಮೆಯೂ ಇರಬಹುದು.

"ಹೂಂ ಅನ್ನಬೇಕು ಮಹಾಪ್ರಭು," ಎಂದರು ವೃಷಭೇಂದ್ರಯ್ಯನವರು. ಜೇನಿನ ದನಿಯಲ್ಲೇ ಹೇಳಿದರು, ಆದರೆ ಹೊಸ ಶಲ್ಯದಿಂದ ಹಣೆ ಒರೆಸಿಕೊಂಡರು. "ಕತೆ ಕೇಳುವವರು ಹೂಂ ಅನ್ನದಿದ್ದರೆ ಹೇಳುವವರು ಮುಂದೆ ಹೋಗೋದು ಹೇಗೆ?"

ಚೆಲುವಿ ಹಿಂದೆ ತಿರುಗಿ ನನ್ನನ್ನು ನೋಡಿದಳು. ನಾನು ತಲೆಯಾಡಿಸಲಿಲ್ಲ, ಬೇಡವೆಂದೂ ಸನ್ನೆ ಮಾಡಲಿಲ್ಲ. ಬೀಸಣಿಗೆ ಬೀಸುವುದನ್ನು ನಿಲ್ಲಿಸಿದೆ, ಅಷ್ಟೆ. ಅವಳು ಮತ್ತೆ ಮುಂದಕ್ಕೆ ತಿರುಗಿ, ಸಿಂಹಾಸನದ ಅಂಚಿಗೆ ಸರಿದು, ಚಾವಡಿಯ ಮೂಲೆಯವರೆಗೂ ಕೇಳುವಂಥ ದನಿಯಲ್ಲಿ ಕೇಳಿದಳು:

"ತಾತ, ಅವಳು ಯಾರ ಮನೆಗೆ ಬರ್ತಾ ಇದ್ಳು?"